ಕಿವಿಯಣ್ಣನಿಗೆ ಕೇಳದ ಸದ್ದು

ಬೀದಿಯವರಿಗೆಲ್ಲ ಅವನು ಕಿವಿಯಣ್ಣ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, "ಬೇರಿಂಗ್ ಹೋಗಿದೆ" ಅಂತ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು. ಮೂವತ್ತೆಂಟು ವರ್ಷ ಅವನ ಗ್ಯಾರೇಜು ನಡೆದದ್ದೇ ಆ ಕಿವಿಯ ಮೇಲೆ.

ಜೊತೆಗೆ ಕೆಲಸ ಮಾಡುವ ಮಗಳು ಒಂದು ಸ್ಕ್ಯಾನರ್ ತಂದಿದ್ದಳು. ಸ್ಟೇರಿಂಗ್ ಕೆಳಗೆ ಸಿಕ್ಕಿಸಿದರೆ, ಎಂಜಿನ್ನಿನ ಸೆನ್ಸರುಗಳು ಆ ಗಳಿಗೆಯಲ್ಲಿ ಅಳೆಯುತ್ತಿರುವುದೆಲ್ಲ ಪರದೆಯ ಮೇಲೆ ಅಂಕಿಗಳಾಗಿ ಓಡುತ್ತಿತ್ತು. "ನಿನ್ನ ಟೀವಿ ನೀನು ನೋಡ್ಕೋ" ಅಂತ ಅಪ್ಪ ರೇಗಿಸುತ್ತಿದ್ದ.

ಒಂದು ಬೆಳಿಗ್ಗೆ ಟೀಚರಮ್ಮನ ಕಾರು ಮೂರನೇ ಸಲ ಬಂತು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ನಡುಗಿ ಆಫ್ ಆಗುತ್ತಿತ್ತು. ಪ್ಲಗ್ಗು, ಫಿಲ್ಟರು ಎಲ್ಲ ಬದಲಾಯಿಸಿ ಆಗಿತ್ತು. ಕಿವಿಯಣ್ಣ ಬಾನೆಟ್ಟಿನೊಳಗೆ ಬಗ್ಗಿ ಕೇಳಿದ. "ಸದ್ದು ಬೆಣ್ಣೆ ಥರ ಇದೆ. ಇದಕ್ಕೇನೂ ಆಗಿಲ್ಲ."

ಮಗಳು ಪರದೆ ನೋಡುತ್ತಿದ್ದಳು. "ಇಲ್ಲಪ್ಪಾ. ಗಾಡಿ ನಿಂತು ಎಂಜಿನ್ ಓಡ್ತಿರುವಾಗ ಕಾರಿನ ಕಂಪ್ಯೂಟರು ಇಪ್ಪತ್ತೆಂಟು ಪರ್ಸೆಂಟ್ ಹೆಚ್ಚು ಪೆಟ್ರೋಲ್ ಕೊಡ್ತಿದೆ. ಆಕ್ಸಿಲರೇಟರ್ ಒತ್ತಿದ್ರೆ ಐದಕ್ಕೆ ಇಳಿಯುತ್ತೆ. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗ್ತಿದೆ, ಅದನ್ನ ಸರಿದೂಗಿಸೋಕೆ."

"ಗಾಳಿ ಎಳೆದ್ರೆ ಹಾವಿನ ಥರ ಬುಸ್ ಅನ್ನುತ್ತೆ ಕಣೇ. ನನ್ನ ಕಿವಿಗೆ ಬೀಳ್ದೆ ಇರುತ್ತಾ?"

ಟೀಚರಮ್ಮ ಸಂಕೋಚದಿಂದ ಹೇಳಿದರು: "ಬುಸ್ ಅಂತಾನೇ ಇದೆಯಲ್ಲಾ ಅಣ್ಣಾ... ಈ ಸದ್ದಲ್ವಾ?"

ಅವನು ನಕ್ಕ. ಇಬ್ಬರೂ ನಗಲಿಲ್ಲ. ಮಗಳ ಮುಖ ಬಿಳಿಚಿಕೊಂಡಿತ್ತು. "ನಂಗೂ ಕೇಳ್ತಿದೆ ಅಪ್ಪಾ. ಜೋರಾಗೇ ಕೇಳ್ತಿದೆ. ನಿಮಗೂ ಕೇಳಿಸಿದೆ, ಅದು ಮಾಮೂಲಿ ಸದ್ದಿರಬೇಕು ಅಂದ್ಕೊಂಡಿದ್ದೆ."

ಅವಳು ಅವನ ತೋರುಬೆರಳು ಹಿಡಿದು ಎಂಜಿನ್ನಿನ ಹಿಂದಿದ್ದ ರಬ್ಬರ್ ಪೈಪಿನ ಮೇಲಿಟ್ಟಳು. ಸೀಳೊಂದು ಬೆರಳನ್ನು ಕಚ್ಚಿ ಎಳೆಯಿತು. ಪರದೆಯಲ್ಲಿ ಅಂಕಿ ಇಳಿಯತೊಡಗಿತು. ಇಪ್ಪತ್ತೆಂಟು, ಹತ್ತೊಂಬತ್ತು, ಎಂಟು. ಬೆರಳು ತೆಗೆದ. ಅಂಕಿ ಮತ್ತೆ ಏರಿತು. ಸದ್ದೂ ಮತ್ತೆ ಶುರುವಾಗಿರಬೇಕು. ಟೀಚರಮ್ಮ ಪಟ್ಟನೆ ಆ ಕಡೆ ತಿರುಗಿದರು. ಅವನಿಗೆ ಏನೆಂದರೆ ಏನೂ ಕೇಳಿಸಲಿಲ್ಲ. ಮತ್ತೆ ಮುಚ್ಚಿದ, ಮತ್ತೆ ತೆಗೆದ. ಕೊನೆಗೆ ಮೂಲೆಯಲ್ಲಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತ.

ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ: "ನನ್ನ ಕಿವಿ ಮಂದ ಆಗಿದೆಯಾ?"

"ನಾಲ್ಕು ವರ್ಷ ಆಯ್ತು. ಕರೆದ್ರೆ ತಿರುಗಲ್ಲ. ಬೇಕಂತಲೇ ಹೀಗೆ ಮಾಡ್ತೀರಿ ಅಂತ ಸಿಟ್ಟಾಗಿ ಒಂದು ವಾರ ಮಾತೇ ಬಿಟ್ಟಿದ್ದೆ."

"ಮಾತು ಬಿಟ್ಟಿದ್ಯಾ? ಯಾವಾಗ?"

"ನೋಡಿ, ಅದೂ ಗೊತ್ತಾಗಿಲ್ಲ!"

ಅವಳು ನಗುತ್ತ ತಿರುಗಿದವಳು, ಗಂಡನ ಮುಖ ಕಂಡು ಸೌಟು ಕೆಳಗಿಟ್ಟಳು.

ಕಿವಿ ಡಾಕ್ಟರು ಒಂದು ಗ್ರಾಫು ತೋರಿಸಿದರು. ದಪ್ಪ ಸದ್ದುಗಳ ಕಡೆ ಗೆರೆ ನೆಟ್ಟಗಿತ್ತು; ಸಣ್ಣ, ಚೂಪು ಸದ್ದುಗಳ ಕಡೆ ಬಾವಿಗೆ ಬಿದ್ದಂತೆ ಇಳಿದಿತ್ತು. ಎಂಜಿನ್ನುಗಳ ಗದ್ದಲದಲ್ಲಿ ಸವೆದದ್ದು, ಮಷೀನು ಹಾಕಿಕೊಂಡರೆ ಅನುಕೂಲ, ಹೋದದ್ದಂತೂ ವಾಪಸ್ ಬರುವುದಿಲ್ಲ ಅಂದರು. ಆದರೆ ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಈ ನಾಲ್ಕು ವರ್ಷದಲ್ಲಿ "ಏನೂ ಆಗಿಲ್ಲ" ಅಂತ ಎಷ್ಟು ಕಾರು ಕಳಿಸಿದ್ದೇನೆ?

ಮಾರನೇ ದಿನದಿಂದ ನೆನಪಿದ್ದವರಿಗೆಲ್ಲ ಫೋನು ಮಾಡಿದ. "ಅವತ್ತು ನಂಗೆ ಕೇಳಿಸಿರಲಿಲ್ಲ. ಒಂದ್ಸಲ ಗಾಡಿ ತನ್ನಿ" ಅಂತ ಒಬ್ಬೊಬ್ಬರಿಗೂ ಹೇಳಿದ. ಹನ್ನೊಂದು ಕಾರು ಬಂದವು. ಒಂಬತ್ತು ಸರಿಯಿದ್ದವು. ಒಂದರಲ್ಲಿ ಸಣ್ಣ ಸೋರಿಕೆ. ಕೊನೆಯದು, ದಿನವೂ ಆರು ಮಕ್ಕಳನ್ನು ಶಾಲೆಗೆ ಬಿಡುವ ಡ್ರೈವರನದು. ಕವಚ ಬಿಚ್ಚಿದರೆ ಎಂಜಿನ್ ಬೆಲ್ಟು ಎರಡು ಎಳೆಯ ಮೇಲೆ ನಿಂತಿತ್ತು. ಓಡುವಾಗ ಹರಿದಿದ್ದರೆ ಎಂಜಿನ್ ನಡುರಸ್ತೆಯಲ್ಲೇ ನಿಂತುಬಿಡುತ್ತಿತ್ತು.

"ಕಿರ್ ಅಂತಿದೆ ಅಂತ ಆಗಲೇ ಹೇಳಿದ್ನಲ್ಲ" ಅಂದ ಡ್ರೈವರು, ಮೆಲ್ಲಗೆ. "ಹೋಗ್ಲಿ ಬಿಡಿ, ಏನೂ ಆಗ್ಲಿಲ್ವಲ್ಲ."

ಕಿವಿಯಣ್ಣ ಹೊಸ ಬೆಲ್ಟು ಹಾಕಿದ. ಎಂಜಿನ್ ಶುರುಮಾಡಿ ಡ್ರೈವರನ್ನೇ ಹತ್ತಿರ ಕರೆದ: "ಈಗ ಕಿರ್ ಅನ್ನುತ್ತಾ? ನೀವೇ ಕೇಳಿ ಹೇಳಿ."