ಬಟ್ಟಲಲ್ಲಿ ಉಳಿದದ್ದು

ಊರಿನ ಹೊಲಸೆಲ್ಲ ಹರಿದುಬಂದು ಸೇರುವ ಕೊಳಚೆ ನೀರಿನ ಘಟಕದಲ್ಲಿ ಅವನಿಗೆ ‘ಮೂಗು’ ಎಂದೇ ಹೆಸರು. ಮೂಗು ದೊಡ್ಡದೇನಲ್ಲ, ಆದರೆ ಚುರುಕಾದದ್ದು. ಗಾಳಿಯೂದುವ ತೊಟ್ಟಿಯ ಬದಿಯಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಸಾಕು, ಒಳಗಿನ ಸೂಕ್ಷ್ಮಜೀವಿಗಳು ಸುಖವಾಗಿವೆಯೋ ಉಸಿರುಗಟ್ಟಿ ಸಾಯುತ್ತಿವೆಯೋ ಹೇಳಿಬಿಡುತ್ತಿದ್ದ. ನೆನೆದ ಮಣ್ಣಿನ ವಾಸನೆ ಬಂದರೆ ಎಲ್ಲ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಬ್ಲೋಯರ್ ನೋಡಬೇಕು. ನೀರಿನಲ್ಲಿ ಕರಗಿದ ಗಾಳಿ ಅಳೆಯುವ ಮೀಟರೂ ಇತ್ತು, ಮೀಟರಿನ ಮೇಲೆ ಅವನಿಗೆ ಗೌರವವೂ ಇತ್ತು. ಮೀಟರು ಮತ್ತು ಮೂಗು ಒಂದೇ ಮಾತು ಹೇಳುವ ತನಕ ಅವನು ಎರಡನ್ನೂ ನಂಬುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೊತೆಯವರೆಲ್ಲ ಊಟ ಸೇರದೆ ಒದ್ದಾಡುತ್ತಿದ್ದರೆ, ಇವನು ಜಾಲರಿಗೆ ಸಿಕ್ಕಿಕೊಂಡ ಚಿಂದಿ, ಕೂದಲಗಂಟು, ಪ್ಲಾಸ್ಟಿಕ್ಕನ್ನೆಲ್ಲ ಎಳೆದುಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಣ್ಣುತ್ತಿದ್ದ.

“ಅಸಹ್ಯ ಆಗಲ್ವೇನೋ ನಿಂಗೆ?” ಎಂದು ಕೇಳಿದರೆ, “ಯಾಕಾಗ್ಬೇಕು? ಇದು ತಾನು ಕೊಳಚೆ ಅಂತ ಒಪ್ಕೊಂಡೇ ಬರುತ್ತೆ, ಪಾಪ” ಎನ್ನುತ್ತಿದ್ದ.

ಒಂದು ಕಡೆಯಿಂದ ಕಪ್ಪು ನೀರು ಒಳಗೆ, ಇನ್ನೊಂದು ಕಡೆಯಿಂದ ತಿಳಿನೀರು ಹೊರಗೆ. ಭಾನುವಾರ ಚರ್ಚಿನಲ್ಲಿ ಕೂತಾಗ, ದೇವರು ಮನುಷ್ಯರನ್ನು ಹಿಡಿದು ಮಾಡುತ್ತಿರುವ ಕೆಲಸವೂ ಹೆಚ್ಚುಕಡಿಮೆ ಇದೇ ಎಂದು ಅವನಿಗೆ ತೋರುತ್ತಿತ್ತು. ಈ ಹೋಲಿಕೆಯೊಂದನ್ನೇ ನೆಚ್ಚಿಕೊಂಡು ಅವನು ಬಹಳ ವರ್ಷ ಸುಖವಾಗಿ ವಿಶ್ವಾಸಿಯಾಗಿದ್ದ.

ಹೆಂಡತಿ ಶಾಲಾಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಊರನ್ನು ಲೇವಡಿ ಮಾಡುವ ಹೆಣ್ಣು. ಮದುವೆಗೆ ಮುಂಚೆ ನೋಡಲು ಬಂದವನನ್ನು ಕೇಳಿದ್ದಳಂತೆ: “ನಿಮ್ಮ ಮೂಗು ಬಹಳ ಫೇಮಸ್ಸಂತಲ್ಲ, ನನ್ನ ವಾಸನೆ ಹೇಗಿದೆ?” ಇವನು ಸ್ವಲ್ಪ ಯೋಚಿಸಿ, ಇದ್ದದ್ದನ್ನು ಇದ್ದಂತೆ ಹೇಳಿದ್ದ: “ಮೆಷಿನ್ ಎಣ್ಣೆ.” ಅವಳು ಒಪ್ಪಿದ್ದು ಆ ಉತ್ತರಕ್ಕೆ.

ಎದೆಯಲ್ಲಿ ಗಂಟು ಕಾಣಿಸಿದ್ದನ್ನು ಅವಳು ಮುಚ್ಚಿಟ್ಟಳು. ಶಾಲೆ ಶುರುವಾಗುವ ಸಮಯ, ಕೈತುಂಬ ಕೆಲಸ, ಆಮೇಲೆ ನೋಡೋಣ ಎಂದು. ಆಮೇಲೆ ನೋಡುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು. ಗಂಟು ಚರ್ಮವನ್ನು ಒಡೆದುಕೊಂಡು ಹೊರಗೆ ಬಂತು, ಹೂಕೋಸಿನ ಹಾಗೆ ಅರಳಿತು, ಒಳಗೊಳಗೇ ಕೊಳೆಯತೊಡಗಿತು.

ಒಂದು ಸಂಜೆ ಕೆಲಸ ಮುಗಿಸಿ ಬಂದವನು ಹೊಸ್ತಿಲ ಮೇಲೆ ನಿಂತ. ಆ ವಾಸನೆ ಅವನಿಗೆ ಗುರುತಿನದು. ಗಾಳಿಯಿಲ್ಲದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾ ಮಾಂಸವನ್ನು ತಿಂದು ಬಿಡುವ ವಾಸನೆ. ಕೆಟ್ಟುಹೋದ ತೊಟ್ಟಿಗಳ ಪಕ್ಕ ಗಂಟೆಗಟ್ಟಲೆ ನಿಂತವನು ತನ್ನ ಮನೆಯ ಬಾಗಿಲಲ್ಲಿ, ತನ್ನ ಚಪ್ಪಲಿಯ ಮೇಲೆಯೇ ವಾಂತಿ ಮಾಡಿಕೊಂಡ. ಒಳಗಿನಿಂದ ಅವಳು ಕೇಳಿದಳು: “ಏನ್ರೀ, ಮೂಗಿಗೆ ನೆಗಡಿನಾ?”

ಅಂದು ಅವನಿಗೆ ತನ್ನ ಮೇಲೆಯೇ ಆದ ಅಸಹ್ಯ ಹೇಳತೀರದು. ಆದರೆ ಮೂಗು ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ದಾದಿಯೊಬ್ಬಳು ಹೇಳಿಕೊಟ್ಟಂತೆ ಉಪ್ಪುನೀರಿನಿಂದ ಗಾಯ ತೊಳೆದು, ವಾಸನೆ ತಗ್ಗಿಸುವ ಮಾತ್ರೆ ಪುಡಿಮಾಡಿ ಉದುರಿಸಿ, ಇದ್ದಿಲಿನ ಪದರವಿರುವ ಬಟ್ಟೆಯನ್ನು ಅಂಚು ಬಿಡದಂತೆ ಅಂಟಿಸುವುದನ್ನು ಕಲಿತ. ಕೆಲವು ವಾರಗಳಲ್ಲಿ ಗಾಯದ ಬಗ್ಗೆ ಅವನಿಗೆ ಯಾವ ಹೇಸಿಗೆಯೂ ಉಳಿಯಲಿಲ್ಲ. ಹೇಸಿಗೆ ಇಲ್ಲವಾಗಲಿಲ್ಲ, ಜಾಗ ಬದಲಿಸಿತು.

ಮೊದಲು ಅದು ಹೋಗಿ ಕೂತದ್ದು ಸಾಂತ್ವನ ಹೇಳಲು ಬರುವವರ ಮೇಲೆ. ಚರ್ಚಿನ ಪ್ರಾರ್ಥನಾ ಗುಂಪು ಬರುತ್ತಿತ್ತು, ಕಿಟಕಿಯ ಪಕ್ಕದ ಕುರ್ಚಿಗಳಿಗೆ ಪೈಪೋಟಿ ನಡೆಸುತ್ತಿತ್ತು. ಮುಖ್ಯಸ್ಥರು ಸಭಾಹಿರಿಯರಲ್ಲೊಬ್ಬರಾದ ಔಷಧಿ ಅಂಗಡಿಯವರು, ತುಂಬುಮೀಸೆಯ ಮನುಷ್ಯ. ಕರ್ಚೀಫಿಗೆ ಅತ್ತರು ಹಾಕಿಕೊಂಡೇ ಬರುತ್ತಿದ್ದರು.

“ತಮ್ಮಾ, ಬೇಜಾರು ಮಾಡ್ಕೋಬೇಡ. ಒಪ್ಪಿಕೊಳ್ಳದ ಪಾಪ ಏನಾದ್ರೂ ಉಳಿದಿದ್ಯಾ ಅಂತ ಇಬ್ರೂ ಕೂತು ಯೋಚನೆ ಮಾಡಿ” ಎಂದರು ಒಮ್ಮೆ.

“ಒಂದಿದೆ” ಎಂದ ಮೂಗು. “ಹೋದ ವಾರ ನೀವು ಬಂದಾಗ ಮನೇಲಿದ್ದೂ ಇಲ್ಲ ಅಂತ ಹೇಳಿಸಿದ್ದೆ.”

ಒಳಕೋಣೆಯಿಂದ ಹೆಂಡತಿ ನಕ್ಕಳು, ನಗು ಕೆಮ್ಮಾಯಿತು. ಅವಳ ಅಕ್ಕ, ಮಹಿಳಾ ಸಂಘದ ಅಧ್ಯಕ್ಷೆ, ಇವನು ಅತ್ತಿಗೆ ಎಂದು ಕರೆಯುವಾಕೆ, ಸೆರಗನ್ನು ಮೂಗಿನಿಂದ ತೆಗೆಯದೆಯೇ ಗದರಿದಳು: “ದೇವರ ವಿಷಯದಲ್ಲಿ ಹಾಸ್ಯ ಬೇಡ. ಎಲ್ಲಾದ್ರಲ್ಲೂ ಅವನದೊಂದು ಯೋಜನೆ ಇರುತ್ತೆ.”

ಯೋಜನೆ! ಘಟಕದಲ್ಲಿ ಅವನು ಯೋಜನೆಗಳನ್ನು ನೋಡಿದ್ದ. ನೀರು ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿಗೆ ಹೋಗಬೇಕು, ಎಲ್ಲಕ್ಕೂ ಬಾಣದ ಗುರುತಿರುತ್ತಿತ್ತು. ಒಬ್ಬ ಒಳ್ಳೆಯ ಹೆಂಗಸಿನ ಎದೆಯಲ್ಲಿ ತಿಳಿನೀರು ಕೊಳಚೆಯಾಗುವ ಯೋಜನೆಯನ್ನು ಯಾವ ಎಂಜಿನಿಯರನೂ ಬರೆಯಲಾರ. ಅವರೆಲ್ಲ ಹೋದಮೇಲೆ ಅವನು ಕುರ್ಚಿಗಳನ್ನು ಒರೆಸಿಟ್ಟ. ಕೋಣೆಯಲ್ಲಿ ಅತ್ತರಿನ ವಾಸನೆ ಉಳಿದಿತ್ತು. ಗಾಯಕ್ಕಿಂತ ಅದೇ ವಾಕರಿಕೆ ತರಿಸಿತು. ಅಲ್ಲಿಂದಾಚೆಗೆ ಹೇಸಿಗೆ ಇನ್ನೂ ಮೇಲಕ್ಕೆ ಹತ್ತಿ, ದೇವರನ್ನೇ ಮುಟ್ಟಿತು. ತಿಂಗಳಿಗೊಮ್ಮೆ ಕರ್ತನ ಭೋಜನ ನಡೆಯುವ ಭಾನುವಾರ, ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯಲು ಸಾಲಾಗಿ ಮುಂದೆ ಹೋದರೆ, ಅವನು ಕೊನೆಯ ಬೆಂಚಿನಿಂದ ಏಳುವುದನ್ನು ಬಿಟ್ಟ.

ಅವಳ ಆಸೆ ಹೊರಬಿದ್ದದ್ದು ಆಗ. ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಒಂದೇ ಒಂದು ಸಲ ಚರ್ಚಿಗೆ ಹೋಗಬೇಕು, ಎಲ್ಲರ ಜೊತೆ ಆ ಬಟ್ಟಲಿನಿಂದ ಕುಡಿಯಬೇಕು. ಸುದ್ದಿ ತಿಳಿದ ಮರುದಿನವೇ ಅತ್ತಿಗೆಯೂ ಔಷಧಿ ಅಂಗಡಿಯವರೂ ಬಂದರು.

“ಅಂಟುರೋಗ ಅಲ್ಲ, ಅದು ನಂಗೊತ್ತಿಲ್ವಾ? ನನ್ನ ಕಸುಬೇ ಅದು” ಎಂದರು ಅವರು. “ಆದ್ರೆ ಜನರ ಮನಸ್ಸು ಅಂತ ಒಂದಿದೆಯಲ್ಲ. ಪಾಸ್ಟರು ಮನೆಗೇ ಬಂದು ಕೊಡ್ತಾರೆ. ಬೇರೆ ಬಟ್ಟಲಲ್ಲಿ, ಶುದ್ಧವಾಗಿ.”

“ನಮ್ಮಮ್ಮ ಕುಡಿದದ್ದು ಅದೇ ಬಟ್ಟಲಲ್ಲಿ ಅಲ್ವೇನೇ ಅಕ್ಕಾ?” ಒಳಗಿನಿಂದ ದನಿ ಬಂತು. “ನನಗೇನು ಸ್ಪೆಷಲ್ ಲೋಟ ಬೇಡ. ಎಲ್ಲರ ಜೊತೆ ಆದ್ರೆ ಆಯ್ತು, ಇಲ್ದಿದ್ರೆ ಬೇಡ.”

ಅಕ್ಕ ಸೆರಗನ್ನು ಇನ್ನಷ್ಟು ಮೇಲೆಳೆದುಕೊಂಡಳು. ಸೆರಗಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

ಅವರು ಹೋದಮೇಲೆ ಗಾಯ ತೊಳೆಯುತ್ತ ಮೂಗು ಹೇಳಿದ: “ಕರ್ಕೊಂಡು ಹೋಗ್ತೀನಿ. ಆದ್ರೆ ನಾನು ಕುಡಿಯಲ್ಲ.”

“ಯಾಕೆ?”

“ಅವನ ಮೇಲೆ ಹೊಟ್ಟೆತುಂಬ ಹೇಸಿಗೆ ಇಟ್ಕೊಂಡು ಅವನ ಮನೇಲಿ ಊಟಕ್ಕೆ ಕೂರೋದು ಮೋಸ.”

“ಇದನ್ನ ಅವನಿಗೆ ಹೇಳಿದ್ದೀರಾ?”

“ಇದ್ದಾನೋ ಇಲ್ವೋ ಅನ್ನೋದೇ ಅನುಮಾನ. ಯಾರಿಗೆ ಹೇಳಲಿ?”

“ಇಲ್ದೇ ಇರೋನ ಮೇಲೆ ಇಷ್ಟೊಂದು ಕೋಪ ಯಾಕ್ರೀ ದಂಡ ಮಾಡ್ತೀರ?” ಎಂದಳು. ನೋವಿಗೆ ಹಲ್ಲು ಕಚ್ಚಿ, “ನಂಗೇನು ದೇವದೂತರು ಕಾಣಿಸ್ತಿದ್ದಾರೆ ಅಂದ್ಕೊಂಡ್ರಾ? ಏನೂ ಕಾಣಲ್ಲ. ಕರೆಂಟು ಹೋದಾಗ ಸೂಜಿಗೆ ದಾರ ಪೋಣಿಸಿದ್ದೀನಲ್ಲ, ಹಾಗೇ ಇದೂ. ಕಾಣಲ್ಲ ಅಂತ ಬಟ್ಟೆ ಎಸೆಯೋಕಾಗುತ್ತಾ?” ಎಂದಳು.

ಭಾನುವಾರ ಅವನು ಎರಡು ಪದರ ಪಟ್ಟಿ ಕಟ್ಟಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಬೆಂಚುಗಳ ನಡುವಿನ ದಾರಿಯಲ್ಲಿ ಮುಂದಿನ ಸಾಲಿನವರೆಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿದ. ತಾನು ಹಿಂದೆ ಬಂದು ಕೊನೆಯ ಬೆಂಚಿನಲ್ಲಿ ಕೂತ. ಸೆಕೆ ಏರಿದಂತೆ ಇದ್ದಿಲು ಸೋತಿತು. ಮುಂದಿನ ಸಾಲಿನವರಿಗೆ ಇದ್ದಕ್ಕಿದ್ದಂತೆ ಫ್ಯಾನಿನ ಗಾಳಿ ಸಾಲದೆಂದು ನೆನಪಾಗಿ, ಒಬ್ಬೊಬ್ಬರೇ ಎದ್ದು ಹಿಂದಕ್ಕೆ ಬಂದು ಕೂತರು. ಕೊನೆಗೆ ಆ ಸಾಲಿನಲ್ಲಿ ಅವಳೊಬ್ಬಳೇ.

ಪಾಸ್ಟರು ಚಿಕ್ಕ ವಯಸ್ಸಿನವರು. ಮನಸ್ಸು ಬಂಗಾರ, ಅಂದಾಜು ಮಾತ್ರ ಸದಾ ತಪ್ಪು. ರೊಟ್ಟಿಯ ತುಂಡುಗಳನ್ನು ಎಲ್ಲರಿಗೂ ಕೂತಲ್ಲಿಗೇ ಹಂಚಿದ ಮೇಲೆ ಬಟ್ಟಲು ಎತ್ತಿಕೊಂಡರು. ಅವಳಿಗೆ ಬಹಳ ಹೊತ್ತು ಕೂರಲಾಗದು ಎಂಬ ಕರುಣೆಯಿಂದ, “ಇವತ್ತು ನಮ್ಮ ಅಕ್ಕನಿಗೆ ಮೊದಲು” ಎಂದರು. ಕೊನೆಗೆ ಕೊಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಕುಡಿದು ಮುಗಿಸಿ, ಅವಳ ಮೇಲೆ ಅಯ್ಯೋ ಪಾಪ ಎಂದು ಮರುಗಿ ಮನೆಗೆ ಹೋಗುತ್ತಿದ್ದರು.

ಅವಳು ಎರಡು ಕೈಯಲ್ಲೂ ಬಟ್ಟಲು ಹಿಡಿದು ಕುಡಿದಳು. ಕೆಮ್ಮಿದಳು. ಪಾಸ್ಟರು ಬಿಳಿಯ ಬಟ್ಟೆಯಿಂದ ಅಂಚು ಒರೆಸಿ, ಬಟ್ಟಲನ್ನು ತುಸು ತಿರುಗಿಸಿ, ಸಭೆಯ ಕಡೆ ನೋಡಿದರು.

ಯಾರೂ ಏಳಲಿಲ್ಲ.

ಔಷಧಿ ಅಂಗಡಿಯವರು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದರು. ಅತ್ತಿಗೆ ತನ್ನ ಮೊಣಕಾಲುಗಳನ್ನು ದಿಟ್ಟಿಸುತ್ತಿದ್ದಳು. ಫ್ಯಾನುಗಳು ತಿರುಗುತ್ತಿದ್ದವು. ಇಡೀ ಸಭೆಗೆ ಆಗುವಷ್ಟು ರಸ ತುಂಬಿದ ಬಟ್ಟಲನ್ನು ಪಾಸ್ಟರು ಹಿಡಿದೇ ನಿಂತಿದ್ದರು. ಹೆಂಡತಿ ಹಿಂದಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಒಂದು ಬೆಂಚೂ ಕಿರುಗುಟ್ಟದೆ ಇದ್ದದ್ದು ಅವಳಿಗೂ ಕೇಳಿಸಿತ್ತು. ಅವಳ ಕತ್ತು ನಿಧಾನವಾಗಿ ಬಾಗಿತು.

ಮೂಗಿಗೆ ಹೊಟ್ಟೆಯಿಂದ ಗಂಟಲವರೆಗೆ ಹೇಸಿಗೆ ಉಕ್ಕಿತು. ಇಷ್ಟು ವರ್ಷ ಇವರ ಮನೆಗಳ ಕೊಳಚೆಯನ್ನೆಲ್ಲ ತಿಳಿಗೊಳಿಸಿ ಬಿಟ್ಟಿದ್ದ, ಒಂದು ದಿನವೂ ಮುಖ ಸಿಂಡರಿಸಿರಲಿಲ್ಲ. ಈಗ ಈ ಇಸ್ತ್ರಿ ಮಾಡಿದ ಅಂಗಿಗಳ ಬೆನ್ನು ನೋಡಲಾಗಲಿಲ್ಲ. ಎದ್ದ. ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದೇ ಎದ್ದದ್ದು. ಆದರೆ ಕುರ್ಚಿಯ ಹಿಡಿಗೆ ಕೈ ಹಾಕಿದಾಗ, ಬಟ್ಟಲು ಎದುರಿಗೇ ಇತ್ತು. ಈಗ ತಿರುಗಿ ಹೋದರೆ ಅವಳ ನಂತರ ಕುಡಿಯದವರ ಲೆಕ್ಕದಲ್ಲಿ ತಾನೂ ಒಬ್ಬ.

ಮನಸ್ಸಿನಲ್ಲೇ ಹೇಳಿದ: ನೋಡು, ನಿನ್ನ ಮೇಲೆ ನನಗೆ ಹೇಸಿಗೆ ಬಂದಿದೆ. ಇವರ ಮೇಲೂ. ಅದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಕುಡಿಯುತ್ತೇನೆ. ಬೇಡವಾದರೆ ಈಗಲೇ ಹೇಳಿಬಿಡು.

ಯಾರೂ ಏನೂ ಹೇಳಲಿಲ್ಲ. ಅವನು ಕುಡಿದ.

ಬಟ್ಟಲು ಇನ್ನೂ ತುಂಬಿಯೇ ಇತ್ತು. ಪ್ರಾರ್ಥಿಸಿ ಅರ್ಪಿಸಿದ ರಸವನ್ನು ಚೆಲ್ಲುವಂತಿಲ್ಲ, ಉಳಿದದ್ದನ್ನು ಪಾಸ್ಟರೇ ಕುಡಿದು ಮುಗಿಸಬೇಕು. ಅವರ ಮುಖ ಬಿಳಿಚಿತ್ತು. “ಇಷ್ಟೊಂದು ಕುಡಿದು ನಂಗೆ ಅಭ್ಯಾಸ ಇಲ್ಲ ಅಣ್ಣಾ” ಎಂದು ಪಿಸುಗುಟ್ಟಿದರು.

“ಸ್ವಲ್ಪ ಕುಡಿದು ನಂಗೆ ಕೊಡಿ. ಹಂಚ್ಕೊಳ್ಳೋಣ.”

“ನನ್ನ ಪಾಲಿಗೂ ಇನ್ನೊಂದು ಗುಟುಕು ಇರ್ಲಿ. ಡಾಕ್ಟರೇನೂ ಬೇಡ ಅಂದಿಲ್ಲ” ಎಂದಳು ಕುರ್ಚಿಯಲ್ಲಿದ್ದವಳು.

ಹೀಗೆ ಮೂವರೂ ಸರದಿಯ ಮೇಲೆ ಕುಡಿಯುತ್ತಿರುವಾಗ ಒಂದು ಬೆಂಚು ಕಿರುಗುಟ್ಟಿತು. ಅತ್ತಿಗೆ ಬರುತ್ತಿದ್ದಳು, ಸೆರಗು ಮುಖದ ಮೇಲೆಯೇ ಇತ್ತು. ತಂಗಿಯ ಕುರ್ಚಿಯ ಹತ್ತಿರ ಬಂದು ಅದನ್ನು ತೆಗೆದಳು. ಕಣ್ಣು ಮುಚ್ಚಿ, ಹರಳೆಣ್ಣೆ ಕುಡಿಯುವ ಮಗುವಿನಂತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಅದು ಗಂಟಲಿನಿಂದ ವಾಪಸು ಬಂತು. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಮತ್ತೆ ನುಂಗಿದಳು.

ಮೂಗು ಅದನ್ನು ನೋಡಿದ. ಅವನ ಮೂಗು ಆ ವಾಸನೆಗೆ ಆಗಲೇ ಪಳಗಿತ್ತು, ಅತ್ತಿಗೆಯದು ಪಳಗಿರಲಿಲ್ಲ. ತಾನು ಅಂದು ಹೊಸ್ತಿಲ ಮೇಲೆ ಕಕ್ಕಿಬಿಟ್ಟಿದ್ದ ಹೇಸಿಗೆಯನ್ನು ಅವಳು ಒಳಗೇ ನುಂಗಿದ್ದಳು.

ಉಳಿದವರು ಏಳಲಿಲ್ಲ.

ಪವಾಡವೇನೂ ನಡೆಯಲಿಲ್ಲ. ಗಾಯ ಇನ್ನಷ್ಟು ಹರಡಿತು. ಅತ್ತಿಗೆ ದಿನವೂ ಬಂದು ಬೇಸನ್ ಹಿಡಿದು ನಿಲ್ಲುತ್ತಿದ್ದಳು, ಮೊದಮೊದಲು ಅದೇ ಬೇಸನ್ನಿಗೆ ವಾಂತಿಯನ್ನೂ ಮಾಡುತ್ತಿದ್ದಳು. “ಸಹಾಯಕ್ಕೆ ಬಂದ್ಯೋ ಕೆಲಸ ಹೆಚ್ಚು ಮಾಡೋಕೆ ಬಂದ್ಯೋ?” ಎಂದು ತಂಗಿ ಕೇಳಿದರೆ, “ಬಾಯ್ಮುಚ್ಚೇ, ಸಾಯೋ ಕಾಲದಲ್ಲೂ ನಿನ್ನ ನಾಲಿಗೆ” ಎಂದು ಬಯ್ಯುತ್ತಿದ್ದಳು. ಹೊಸ ಶಾಲಾವರ್ಷದ ಸಮವಸ್ತ್ರಗಳಿಗೆ ಅಳತೆ ಕೊಡಲು ಮಕ್ಕಳು ಬರುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದಳು. ಮಣ್ಣಾದ ದಿನ ಔಷಧಿ ಅಂಗಡಿಯವರು ಮೂಗಿನ ಭುಜ ತಟ್ಟಿ, “ಈಗ ಒಳ್ಳೇ ಜಾಗ ಸೇರಿದ್ಲು, ತಮ್ಮಾ” ಎಂದರು. ಅವನು ಮನೆಗೆ ಹೋಗಿ ಆ ಅಂಗಿಯನ್ನು ಎರಡು ಸಲ ಒಗೆದ.

ಮುಂದಿನ ಕರ್ತನ ಭೋಜನದ ಭಾನುವಾರ ಅವನು ಹೋಗುತ್ತಾನೋ ಇಲ್ಲವೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ಹೋದ. ಸಾಲು ಎಂದಿನಂತೆ ಉದ್ದವಾಗಿತ್ತು. ಈಗ ಯಾರಿಗೂ ಯಾವ ಅಡ್ಡಿಯೂ ಇರಲಿಲ್ಲವಲ್ಲ. ಕೊನೆಯ ಬೆಂಚಿನಿಂದ ಎದ್ದು ಬಂದವನು ಸೇರಿಕೊಂಡ ಜಾಗದಲ್ಲಿ, ಸರಿಯಾಗಿ ಮುಂದೆ, ಔಷಧಿ ಅಂಗಡಿಯವರ ಬೆನ್ನು. ಅವರು ಕುಡಿದರು. ತುಂಬುಮೀಸೆ ರಸದಲ್ಲಿ ಅದ್ದಿ ಮೇಲೆದ್ದಿತು. ಪಾಸ್ಟರು ಅಂಚು ಒರೆಸಿ, ಬಟ್ಟಲು ತಿರುಗಿಸಿ, ಅವನೆದುರು ಹಿಡಿದರು.

ಅತ್ತರಿನ ವಾಸನೆ ಬಂತು. ಕೊಳಚೆಗೂ ಕೀವಿಗೂ ಪಳಗಿದ ಮೂಗು ಇದೊಂದಕ್ಕೆ ಮಾತ್ರ ಪಳಗಿರಲಿಲ್ಲ. ಬಾಯಿಯ ಹತ್ತಿರ ತಂದವನು ಒಂದು ಕ್ಷಣ ತಡೆದ. ಹಿಂದಿನಿಂದ ಅತ್ತಿಗೆ ಮೆಲ್ಲಗೆ, “ಕಣ್ಮುಚ್ಚಿ ಒಂದೇ ಸಲ ನುಂಗಪ್ಪಾ” ಎಂದಳು.

ಇದೂ ಬೇಕಿತ್ತಾ ನಿನಗೆ ಎಂದು ದೇವರನ್ನು ಬೈದುಕೊಂಡ. ಕಣ್ಣು ಮುಚ್ಚಿ ನುಂಗಿದ.