ಕಣ್ಮುಚ್ಚಿ ಮೇಷ್ಟ್ರ ಕೋಟೆ ಬಾಗಿಲು

ಭೂಮಿ ಗುಂಡಗಿದೆ ಎಂಬುದನ್ನು ಒಪ್ಪದವರು ಆ ಶಾಲೆಯಲ್ಲಿ ಒಬ್ಬಿಬ್ಬರು ಸಿಕ್ಕಾರು. ಭಾಷಾ ಮೇಷ್ಟ್ರು ಕಣ್ಣು ಮುಚ್ಚಿದರೆ ಮೂರು ಲೋಕವೂ ಅವರಿಗೆ ಕಾಣುತ್ತದೆ ಎಂಬುದನ್ನು ಒಪ್ಪದವರು ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವರು ಹಳೆಯ ನಾಟಕವೊಂದರ ವಿಚಾರಣೆಯ ದೃಶ್ಯವನ್ನು ಕಣ್ಣು ಮುಚ್ಚಿಯೇ ಪಾಠ ಮಾಡುತ್ತಿದ್ದರು. ಅವರ ರೆಪ್ಪೆ ಕೂಡಿದರೆ ಗೋಡೆಯ ಹಲ್ಲಿಯೂ ಉಸಿರು ಬಿಗಿಹಿಡಿಯುತ್ತದೆ ಎಂದು ಜವಾನ ಆಣೆ ಮಾಡಿ ಹೇಳುತ್ತಿದ್ದ. ಕಣ್ಣು ಮುಚ್ಚುವುದೇಕೆಂದರೆ, ಹರೆಯದಲ್ಲಿ ರಾಜನ ಪಾರ್ಟು ಕೈತಪ್ಪಿತಂತೆ ಎಂದು ಒಬ್ಬರು, ಅಲ್ಲ, ರಾಣಿಯೇ ಕೈತಪ್ಪಿದಳಂತೆ ಎಂದು ಇನ್ನೊಬ್ಬರು. ಮಕ್ಕಳಿಟ್ಟ ಬಿರುದು, ಕಣ್ಮುಚ್ಚಿ ಮೇಷ್ಟ್ರು. ಅವರ ಹೆಂಡತಿ ಮಾತ್ರ, "ಮನೇಲೂ ಅಷ್ಟೇ. ಕೆಲಸ ಹೇಳಿದ್ರೆ ಸಾಕು, ಮುಚ್ಕೊಂಡ್‌ಬಿಡ್ತಾರೆ" ಎನ್ನುತ್ತಿದ್ದರು.

ಅಂಥ ಮಹಾಪುರುಷರ ಬುಡಕ್ಕೇ ಕೊಡಲಿ ಬಿತ್ತು. ಹೊಸ ಹೆಡ್‌ಮಿಸ್ಸು ಶಿಸ್ತಿನ ಅವತಾರ. ಬಂದ ವಾರವೇ ಕಾಯಿದೆ ಮಾಡಿದ್ದರು: ಗಂಟೆ ಹೊಡೆದ ಮೇಲೆ ಬಾಗಿಲಿಗೆ ಚಿಲಕ, ತಡವಾಗಿ ಬಂದವರು ಆ ಪೀರಿಯಡ್ ಪೂರ್ತಿ ಹೊರಗೆ.

"ನಾಟಕದ ಪೀರಿಯಡ್ಡು ಗಣಿತಕ್ಕೆ ಕೊಡೋಣ ಅಂತಿದೀನಿ ಮೇಷ್ಟ್ರೇ. ಊಟ ಆದ್ಮೇಲೆ ಮಕ್ಕಳು ನಿದ್ದೆ ಹೊಡೀತಾರೆ, ನೀವೂ ಕಣ್ಣು ಮುಚ್ಚಿರ್ತೀರಿ. ಇವತ್ತು ನಾನೇ ಬಂದು ಕೂತು ನೋಡ್ತೀನಿ."

ವಾರಕ್ಕೊಂದೇ ಆ ಪೀರಿಯಡ್ಡು. ಅದೂ ಹೋದರೆ ಉಳಿಯುವುದು ಬರೀ ವ್ಯಾಕರಣ.

ಮೇಷ್ಟ್ರು ಎಂದಿನಂತೆ ಬೆಂಚು ತಿರುಗಿಸಿ ಕೋರ್ಟು ಕಟ್ಟಿಸಿದರು. ಮೇಜು ನ್ಯಾಯಪೀಠ, ಬೋರಲು ಹಾಕಿದ ಕಸದ ಬುಟ್ಟಿ ಕಟಕಟೆ. ಹೆಡ್‌ಮಿಸ್ಸು ಬಾಗಿಲ ಪಕ್ಕ ಕೂತು, ಚಿಲಕವನ್ನು ತಾವೇ ಹಾಕಿದರು. ಮೇಷ್ಟ್ರು ಫ್ಯಾನಿನಡಿ ನಿಂತು, ಗಣಿತದವರು ಬಿಟ್ಟುಹೋದ ಲೆಕ್ಕಗಳನ್ನೆಲ್ಲ ಬೋರ್ಡಿನಿಂದ ರಪರಪ ಒರೆಸಿ, ಕಣ್ಣು ಮುಚ್ಚಿದರು.

"ಕೋಟೆ ಇರೋ ಊರು. ಸಂಜೆ ಕಹಳೆ ಊದಿದ ಮೇಲೆ ಬಾಗಿಲು ತೆಗೆದವನಿಗೆ ಗಡೀಪಾರು. ಆ ಕಾನೂನು ಬರೆದವನೇ ಈಗ ಪೀಠದ ಮೇಲಿದಾನೆ. ಎದುರಿಗೆ ಕಾವಲುಗಾರ. ಯಾರೋ ತಟ್ಟಿದ್ರು, ಇವನು ತೆಗೆದ."

"ಯಾರು ಸಾರ್ ತಟ್ಟಿದ್ದು?" ಆಕಳಿಸುತ್ತ ಕೇಳಿದವನು ಹಿಂದಿನ ಬೆಂಚಿನ ಲಂಬು.

"ಜಡ್ಜೂ ಅದನ್ನೇ ಕೇಳ್ತಾನೆ ಕಣೋ. ಕಾವಲುಗಾರ ಅಂತಾನೆ, 'ಯಾರು ಅಂತ ಗೊತ್ತಿರಲಿಲ್ಲ ಸ್ವಾಮೀ. ತಟ್ಟೋದು ಕೇಳಿಸ್ತು.'"

ಫ್ಯಾನು ನಿಟ್ಟುಸಿರು ಬಿಡುತ್ತಿತ್ತು. ಮಧ್ಯಾಹ್ನದ ಬಿಸಿಲು ರೆಪ್ಪೆಯ ಮೇಲೆ ಬಿದ್ದು, ಒಳಗೆಲ್ಲ ತಾಮ್ರದ ಬಣ್ಣದ ಸಂಜೆಯಾಯಿತು. ಆ ಸಂಜೆಯಲ್ಲಿ ಕೋಟೆ ತಾನೇ ತಾನಾಗಿ ಎದ್ದಿತು, ಪಂಜುಗಳು ಹೊತ್ತಿಕೊಂಡವು. ತರಗತಿ ಲಂಗರು ಬಿಚ್ಚಿದ ದೋಣಿಯಂತೆ ಎತ್ತಲೋ ತೇಲಿಹೋಯಿತು.

ಟಕ್, ಟಕ್.

ಸದ್ದು ಕೋಟೆಯದೋ ಶಾಲೆಯದೋ ಮೇಷ್ಟ್ರಿಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಕಾದವರಿಗೆ ಒಂದು ದಿನವಾದರೂ ಬಾಗಿಲು ಸದ್ದು ಮಾಡಬೇಡವೇ! ದನಿ ತಗ್ಗಿಸಿದರು: "ತಟ್ಟುತಾ ಇದಾರೆ... ನಿಂತುಹೋಯ್ತು... ಮತ್ತೆ ಒಂದೇ ಒಂದು ಸಲ, ಮೆಲ್ಲಗೆ."

ಟಕ್.

ಆಮೇಲೆ ಚಿಲಕ ಜಾರಿದ ಸದ್ದು. ಆಮೇಲೆ ಹೋ ಎಂಬ ಕೂಗು.

ಮೇಷ್ಟ್ರು ಕಣ್ಣು ಬಿಟ್ಟರು. ಹೊಸ್ತಿಲಲ್ಲಿ ಮೊಣಕಾಲು ತರಚಿಕೊಂಡ ಹುಡುಗಿ, ಕಿತ್ತ ಚಪ್ಪಲಿ ಕೈಯಲ್ಲಿ. ಚಿಲಕದ ಮೇಲೆ ಹೆಡ್‌ಮಿಸ್ಸಿನ ಕೈ.

"ಆರೋಪಿ ಸಿಕ್ಕಿಬಿದ್ರು ಸಾರ್!" ಲಂಬು ಬೆಂಚು ಹತ್ತಿದ್ದ. "ಕಾನೂನು ಮಾಡಿದವ್ರೂ ಇವ್ರೇ, ಮುರಿದವ್ರೂ ಇವ್ರೇ!"

"ಕಟಕಟೆಗೆ! ಕಟಕಟೆಗೆ!"

"ಯಾಕೆ ತೆಗೆದ್ರಿ, ಹೇಳಿ ಮಿಸ್!"

ಮೇಷ್ಟ್ರು ನಾಟಕದ ಜೊತೆ ನೌಕರಿಯೂ ಹೋಯಿತೆಂದುಕೊಂಡರು. ಹೆಡ್‌ಮಿಸ್ಸು ಚಿಲಕ ನೋಡಿದರು, ಹುಡುಗಿಯನ್ನು ನೋಡಿದರು. ಕನಸಿನಿಂದ ಎದ್ದವರ ದನಿಯಲ್ಲಿ, "ಯಾರು ಅಂತ ಗೊತ್ತಿರಲಿಲ್ಲಪ್ಪ. ತಟ್ಟೋದು ಕೇಳಿಸ್ತು" ಎಂದರು.

ಅರ್ಧ ತರಗತಿ ಗಡೀಪಾರು ಎಂದಿತು, ಅರ್ಧ ಬಿಡುಗಡೆ ಎಂದಿತು. ಸಾಕ್ಷಿ ಹೇಳಲು ಹುಡುಗಿ ಹತ್ತಿದ ಕಸದ ಬುಟ್ಟಿ ಕುಸಿಯಿತು. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಕೊನೆಗೆ ಲಂಬು ತೀರ್ಪು ಕೊಟ್ಟ: "ಶಿಕ್ಷೆ ಏನಪ್ಪಾ ಅಂದ್ರೆ, ಪ್ರತಿ ವಾರ ಇದೇ ಪೀರಿಯಡ್ಡಿಗೆ ಬಂದು ಕೂರ್ಬೇಕು."

"ಹಾಗಾದ್ರೆ ಪೀರಿಯಡ್ಡು ಇರಲೇಬೇಕಾಯ್ತು" ಎಂದು ನಕ್ಕ ಹೆಡ್‌ಮಿಸ್ಸು, ಮೇಷ್ಟ್ರ ಹತ್ತಿರ ಬಂದು ಗರ್ಭಗುಡಿಯಲ್ಲಿ ನಿಂತವರಂತೆ ಪಿಸುಗುಟ್ಟಿದರು: "ನಿಜ ಹೇಳಿ ಮೇಷ್ಟ್ರೇ, ಕಣ್ಣು ಮುಚ್ಚಿದಾಗ ನಿಮಗೆ ಏನು ಕಾಣುತ್ತೆ?"

ಇಡೀ ತರಗತಿ ಕಿವಿಯಾಯಿತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ಅಯ್ಯೋ, ಕಾಣೋದೇನು ಬಂತು ಮೇಡಂ. ಬೋರ್ಡು ಒರೆಸಿದ ಮೇಲೆ ಚಾಕ್ ಪುಡಿ ಹಾರಿ ಕಣ್ಣಿಗೆ ಬೀಳುತ್ತೆ. ಆ ಫ್ಯಾನು ಒಂಚೂರು ಆಚೆ ಹಾಕಿಸ್ಕೊಡಿ."