ಪುಸ್ತಕದ ದೆವ್ವ, ಸಿನಿಮಾದ ದೆವ್ವ

ಕಳೆದ ತಿಂಗಳು ಪಿರಿಯಾಪಟ್ಟಣದಿಂದ ಮೈಸೂರಿಗೆ ಹೊರಟಿದ್ದೆ. ಹುಣಸೂರು ಇನ್ನೂ ಎರಡು ಮೈಲಿ ಇದೆ ಎನ್ನುವಾಗಲೇ ಬಸ್ಸಿನ ಕಿಟಕಿಯಿಂದ ಹದ ಮಾಡಿದ ಹೊಗೆಸೊಪ್ಪಿನ ವಾಸನೆ ನುಗ್ಗಿತು. ಜೇನು, ಒಣಹುಲ್ಲು, ಸುಟ್ಟ ಸೌದೆ ಎಲ್ಲ ಸೇರಿದಂಥ ವಾಸನೆ. ಪಕ್ಕದಲ್ಲಿದ್ದ ಹುಡುಗಿ ಮೂಗಿಗೆ ದುಪಟ್ಟ ಹಿಡಿದಳು. ನಾನು ಮಾತ್ರ ಉಸಿರು ತುಂಬಾ ಎಳೆದುಕೊಂಡೆ. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಂದು ದೆವ್ವದ ಕಾದಂಬರಿ, ಮತ್ತು ಅದನ್ನು ಕಾಲು ಚಾಚಿ ಕೂತು ಕೇಳುತ್ತಿದ್ದ ಅಕ್ಕ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಹುಣಸೂರಿನ ಒಂದು ಹೊಗೆಸೊಪ್ಪಿನ ಶೆಡ್ಡಿಗೆ ಕೆಲಸಕ್ಕೆ ಸೇರಿದ್ದೆ. ನಿಂಬೆ ಬಣ್ಣದ ಎಲೆ ಒಂದು ಕಡೆ, ಕಿತ್ತಳೆಯದು ಇನ್ನೊಂದು ಕಡೆ, ಕಂದು ಮಚ್ಚೆ ಬಿದ್ದದ್ದು ಮತ್ತೊಂದು ಕಡೆ, ಹೀಗೆ ವಿಂಗಡಿಸಿ ಕಟ್ಟು ಕಟ್ಟುವುದು ನಮ್ಮ ಕೆಲಸ. ಹದಿನೈದು ಹದಿನಾರು ಹೆಂಗಸರಿದ್ದೆವು. ನಮಗೆಲ್ಲ ಹಿರಿಯಳಂತಿದ್ದವಳು ಅಕ್ಕ. ನಲವತ್ತೈದು ದಾಟಿತ್ತೇನೋ… ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಎಲೆಯನ್ನು ನೋಡದೆ, ಹೆಬ್ಬೆರಳಲ್ಲಿ ಒಮ್ಮೆ ಸವರಿಯೇ ಅದು ಯಾವ ರಾಶಿಗೆ ಹೋಗಬೇಕೆಂದು ಹೇಳಿಬಿಡುತ್ತಿದ್ದಳು. ಅಕ್ಷರ ಬರುತ್ತಿರಲಿಲ್ಲ. ಕಥೆ ಎಂದರೆ ಮಾತ್ರ ಜೀವ ಬಿಡುತ್ತಿದ್ದಳು.

ನಾನು ಬಾಡಿಗೆ ಪುಸ್ತಕದಂಗಡಿಯಿಂದ ತಂದ ಕಾದಂಬರಿಯನ್ನು ಊಟದ ಹೊತ್ತಿನಲ್ಲಿ ಓದುವುದನ್ನು ಕಂಡು ಒಂದು ದಿನ ಹತ್ತಿರ ಬಂದಳು.

“ಒಬ್ಬಳೇ ಓದ್ಕಂಡ್ರೆ ಎಂಗವ್ವ? ಜೋರಾಗಿ ಓದು. ನಿನ್ ಪಾಲಿನ ಸೊಪ್ಪ ನಾವೆಲ್ಲ ಒಂದೊಂದ್ ಹಿಡಿ ನೋಡ್ಕತೀವಿ.”

ಅಂದಿನಿಂದ ನಾನು ಓದುವವಳಾದೆ. ನನ್ನ ರಾಶಿ ಹದಿನೈದು ಕೈಗಳಲ್ಲಿ ಹಂಚಿಹೋಯಿತು. ಕೆಲಸ ನಿಲ್ಲಲಿಲ್ಲವಾದ್ದರಿಂದ ಮಾಲೀಕರೂ ಸುಮ್ಮನಿದ್ದರು.

ಆ ಕಾದಂಬರಿ ಒಂದು ದೊಡ್ಡಮನೆಯ ಕಥೆ. ಹೊಸದಾಗಿ ಬಂದ ಸೊಸೆಗೆ ಮಹಡಿಯ ಕೋಣೆಯಲ್ಲಿ ಯಾರೋ ಇದ್ದಾರೆ ಎನಿಸುತ್ತದೆ. ಎಳೆಯ ವಯಸ್ಸಿನಲ್ಲಿ ಸತ್ತ ಆ ಮನೆಯ ಮಗಳು ಎಂದು ಅಡುಗೆಯವಳು ಪಿಸುಗುಟ್ಟುತ್ತಾಳೆ. ಬರೆದವರು ದೆವ್ವವನ್ನು ಎಲ್ಲೂ ತೋರಿಸಿರಲಿಲ್ಲ. ಒದ್ದೆ ಹೆಜ್ಜೆಯ ಗುರುತು, ತಾನೇ ಮುಚ್ಚಿಕೊಳ್ಳುವ ಬಾಗಿಲು, ಮಲ್ಲಿಗೆಯ ಘಮ… ಅಷ್ಟೇ. ಅಷ್ಟಕ್ಕೇ ಹಾಡುಹಗಲಲ್ಲಿ ನಮ್ಮ ಮೈ ಜುಮ್ಮೆನ್ನುತ್ತಿತ್ತು. ಮುಖವಿಲ್ಲದ ಆ ದೆವ್ವಕ್ಕೆ ನಾವು ಒಬ್ಬೊಬ್ಬರೂ ನಮಗೆ ಗೊತ್ತಿದ್ದ ಮುಖವೊಂದನ್ನು ಹಾಕಿಕೊಂಡಿದ್ದೆವು. ಅಕ್ಕ ಯಾರ ಮುಖ ಹಾಕಿಕೊಂಡಿದ್ದಳೆಂದು ಆಗ ನನಗೆ ತಿಳಿಯಲಿಲ್ಲ.

ಕೊನೆಯ ದಿನ ಒಂದು ಫಜೀತಿಯಾಯಿತು. ಸೊಸೆ ಮೆಟ್ಟಿಲು ಹತ್ತಿ ಕೋಣೆಯ ಬಾಗಿಲು ತಳ್ಳಿದಳು ಎನ್ನುವಲ್ಲಿಗೆ ಪುಟ ಮುಗಿಯಿತು. ಮುಂದಿನ ಹಾಳೆಗಳನ್ನು ಯಾರೋ ಹರಿದಿದ್ದರು! ತಲೆಯೆತ್ತಿದರೆ ಹದಿನೈದು ಜೊತೆ ಕಣ್ಣು ನನ್ನ ಮೇಲೇ ಇದ್ದವು. ‘ಹರಿದಿದೆ’ ಎನ್ನಲು ಬಾಯಿ ಬರಲಿಲ್ಲ. ಬರಿಯ ರಟ್ಟನ್ನು ನೋಡುತ್ತಲೇ ಕಥೆ ಕಟ್ಟತೊಡಗಿದೆ. ಊಟದ ಹೊತ್ತು ಹತ್ತಿರವಾಗಿತ್ತು, ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ದೆವ್ವಕ್ಕೂ ಹಸಿವು ಎಂದುಬಿಟ್ಟೆ. ಸತ್ತ ಮೇಲೆ ಹೆದರಿ ಯಾರೂ ಅವಳ ಹೆಸರೆತ್ತಿಲ್ಲ, ಒಂದು ತುತ್ತು ಇಟ್ಟಿಲ್ಲ. ಸೊಸೆ ಕೆಳಗಿಳಿದು ಅಡುಗೆಮನೆಯಲ್ಲಿ ಎಲೆ ಹಾಕಿ, ಹೆಸರು ಹಿಡಿದು ಊಟಕ್ಕೆ ಕರೆಯುತ್ತಾಳೆ. ಒದ್ದೆ ಹೆಜ್ಜೆಗಳು ಮೆಟ್ಟಿಲಿಳಿದು ಬರುತ್ತವೆ. ಅಲ್ಲಿಂದ ಮುಂದೆ ಮನೆ ತಣ್ಣಗಾಗುತ್ತದೆ.

ಹೆಂಗಸರು ಮೂಗು ಒರೆಸಿಕೊಂಡರು. ಅಕ್ಕ ಮಾತ್ರ ಕೈಯಲ್ಲಿದ್ದ ಎಲೆಯನ್ನು ತುಂಬ ಹೊತ್ತು ಸವರುತ್ತಲೇ ಇದ್ದಳು.

ಅದೇ ವರ್ಷ ಆ ಕಾದಂಬರಿ ಸಿನಿಮಾ ಆಗಿ ಹುಣಸೂರಿಗೆ ಬಂತು. ಭಾನುವಾರದ ಮ್ಯಾಟ್ನಿಗೆ ಇಡೀ ಶೆಡ್ಡೇ ಹೊರಟಿತು, ತಲೆತುಂಬ ಹೂ ಮುಡಿದು. ನಮಗೆಲ್ಲ ಕಥೆ ಗೊತ್ತಲ್ಲ, ಆ ಜಂಬ ಬೇರೆ. ಒಳಗೆ ಕೂತರೆ ನಮ್ಮ ಕಥೆಯೇ ಕಾಣಲೊಲ್ಲದು. ಪುಸ್ತಕದಲ್ಲಿ ಮೇಷ್ಟರ ಮಗಳಾಗಿದ್ದ ಸೊಸೆ ಇಲ್ಲಿ ಕುಣಿಯುತ್ತ ಬಂದಳು. ಅಡುಗೆಯವಳ ಜಾಗದಲ್ಲಿ ಪಂಚೆ ಜಾರಿಸಿಕೊಳ್ಳುವ ಒಬ್ಬ ಹಾಸ್ಯದವನು. ಒದ್ದೆ ಹೆಜ್ಜೆಯೂ ಇಲ್ಲ, ಬಾಗಿಲೂ ಇಲ್ಲ. ಬಿಳಿ ಸೀರೆ, ಕೆದರಿದ ಕೂದಲು, ಕೋರೆಹಲ್ಲಿನ ದೆವ್ವ ತೆರೆಯ ತುಂಬ ಬಂದು ನಿಂತಿತು. ಮೊದಲ ಸಲ ನಾವು ಚೀರಿದೆವು. ಮೂರನೆಯ ಸಲ ಬರುವಷ್ಟರಲ್ಲಿ ನಕ್ಕೆವು. ಮಲ್ಲಿಗೆಯ ಘಮವನ್ನು ಸಿನಿಮಾದವರು ತಾನೇ ಹೇಗೆ ತೋರಿಸಿಯಾರು, ಪಾಪ!

ಕೊನೆಗೆ ಒಬ್ಬ ಮಂತ್ರವಾದಿ ಬಂದ. ದೆವ್ವವನ್ನು ಎಳೆದು ಮರಕ್ಕೆ ಕಟ್ಟಿ, ಅದರ ಕೂದಲಿಗೆ ದೊಡ್ಡದೊಂದು ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಟಾಕೀಸಿನ ತುಂಬ ಶಿಳ್ಳೆ. ಪಕ್ಕಕ್ಕೆ ತಿರುಗಿದರೆ ಅಕ್ಕನ ಕುರ್ಚಿ ಖಾಲಿ.

ಹೊರಗೆ ಸೋಡಾ ಅಂಗಡಿಯ ನೆರಳಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಆಗ ಹೇಳಿದಳು. ಅವಳ ತವರು ಮಿರ್ಲೆಯ ಆಚೆಗಿನ ಒಂದು ಸಣ್ಣ ಹಳ್ಳಿ. ಹದಿನಾರು ವರ್ಷದ ತಂಗಿ ಬಟ್ಟೆ ಒಗೆಯಲು ಹೋಗಿ ನಾಲೆಯಲ್ಲಿ ಕೊಚ್ಚಿಹೋಗಿದ್ದಳು. ಆಮೇಲೆ ನಾಲೆಯ ಏರಿಯಲ್ಲಿ ಅವಳನ್ನು ಕಂಡೆವೆಂದು ಊರವರು ಹೇಳತೊಡಗಿದರು. ಅಣ್ಣ ಹೆದರಿ ಮಂತ್ರವಾದಿಯನ್ನು ಕರೆಸಿದ. ಬಾಚಣಿಗೆಯಲ್ಲಿ ಉಳಿದಿದ್ದ ತಂಗಿಯ ತಲೆಗೂದಲು ಸುತ್ತಿ ಹುಣಸೆಮರಕ್ಕೆ ಮೊಳೆ ಹೊಡೆಸಿದ. ಅದಾಗಿ ಹನ್ನೆರಡು ವರ್ಷ. ಅಂದಿನಿಂದ ಅಕ್ಕ ತವರಿಗೆ ಕಾಲಿಟ್ಟಿರಲಿಲ್ಲ.

“ದಿಟ ಯೋಳವ್ವ,” ಎಂದಳು. “ಪುಸ್ತಕದಾಗಿರೋದು ದಿಟವೋ, ಸಿನಿಮಾದಾಗಿರೋದು ದಿಟವೋ?”

ಹರಿದ ಹಾಳೆಗಳಲ್ಲಿ ಮೊಳೆಯೇ ಇದ್ದಿದ್ದರೆ?

“ಎಲೆ ಹಾಕಿದ್ದೇ ದಿಟ ಅಕ್ಕ,” ಎಂದೆ.

“ಅಂಗಾರೆ ಬರೋ ಭಾನುವಾರ ನಂಜೊತೆ ಬಾ.”

ಭಾನುವಾರ ಕೆ.ಆರ್. ನಗರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಕೊನೆಗೆ ಗದ್ದೆಯ ಬದುವಿನ ಮೇಲೆ ನಡೆದು ಆ ಊರು ಸೇರಿದೆವು. ಅಕ್ಕನ ಚೀಲದಲ್ಲಿ ಕಮ್ಮಾರನಿಂದ ಕೇಳಿ ತಂದ ಇಕ್ಕಳ, ಉಳಿ ಇದ್ದವು. ಅಂಗಳದಲ್ಲಿ ಅಕ್ಕನನ್ನು ಕಂಡ ಅವಳ ಅಣ್ಣ ಎದ್ದುನಿಂತರು. ಬಂದ ಕೆಲಸ ಕೇಳಿದ್ದೇ ಅವರ ಮುಖ ಬಿಳಚಿತು.

“ಬ್ಯಾಡ ಕಣಮ್ಮಿ. ಊರ್ನೋರು ಏನಂದಾರು?”

“ಊರ್ನೋರ್ಗೆ ಅವ್ಳು ದೆವ್ವ ಕಣಣ್ಣ. ನಿಂಗೂ ನಂಗೂ ತಂಗಿ ಅಲ್ವಾ?”

ಅಣ್ಣ ಅಂಗಳದಲ್ಲೇ ಉಳಿದರು. ನಾವು ಮರದ ಹತ್ತಿರ ಹೋದೆವು. ಹನ್ನೆರಡು ವರ್ಷದಲ್ಲಿ ಮರ ಬೆಳೆದು ಮೊಳೆಯನ್ನು ಮುಕ್ಕಾಲುಪಾಲು ನುಂಗಿತ್ತು, ತಲೆ ಮಾತ್ರ ಕಾಣುತ್ತಿತ್ತು. ಅಕ್ಕ ಉಳಿ ಇಟ್ಟು ತೊಗಟೆ ಕೆತ್ತಿದಳು, ಎಳೆದಳು, ಬರಲಿಲ್ಲ. ನಾನೂ ಎಳೆದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಇಕ್ಕಳ ತೆಗೆದುಕೊಂಡಿತು. ಅಣ್ಣ! ಮರಕ್ಕೆ ಕಾಲೊತ್ತಿ ನಿಂತು ಜಗ್ಗಿದರು. ಮೊಳೆ ಕಿರ್ರೆಂದು ಈಚೆ ಬಂತು. ಅವರು ಬೇರಿನ ಮೇಲೆ ಕುಸಿದು ಕೂತು, ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಅವರ ಬೆನ್ನು ಸವರುತ್ತ ನಿಂತಳು.

ಮನೆಗೆ ಬಂದಾಗ, ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ ತಾವಾಗಿಯೇ ಬಾಳೆ ಎಲೆ ಕುಯ್ದು ತಂದು ಜಗುಲಿಯ ಮೇಲೆ ಹಾಕಿದ್ದರು. ಮುದ್ದೆ, ಅವರೆಕಾಳಿನ ಸಾರು, ಬೆಲ್ಲ. ಅಕ್ಕ ತಂಗಿಯ ಹೆಸರು ಹಿಡಿದು ಊಟಕ್ಕೆ ಕರೆದಳು. ಹನ್ನೆರಡು ವರ್ಷದಲ್ಲಿ ಆ ಮನೆಯಲ್ಲಿ ಆ ಹೆಸರು ಕೇಳಿಸಿದ್ದು ಅದೇ ಮೊದಲಂತೆ. ಸ್ವಲ್ಪ ಹೊತ್ತಿಗೆ ಹಗ್ಗ ಕಿತ್ತುಕೊಂಡು ಬಂದ ಕರುವೊಂದು ನೇರ ಎಲೆಗೇ ಬಾಯಿ ಹಾಕಿತು. ಅತ್ತಿಗೆ ಓಡಿಸಲು ಎದ್ದರು.

“ತಿನ್ಲಿ ಬುಡಿ ಅತ್ಗೆ. ಅವ್ಳಿಗೂ ಕರ ಅಂದ್ರೆ ಪ್ರಾಣ ಅಲ್ವಾ,” ಎಂದಳು ಅಕ್ಕ. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಹಾಳೆ ಹರಿದಿದ್ದುದು, ನಾನೇ ಕಥೆ ಕಟ್ಟಿದ್ದು, ಎಲ್ಲ ಹೇಳಿಬಿಟ್ಟೆ. ಅಕ್ಕ ಎಲೆಯಡಿಕೆ ಮೆಲ್ಲುತ್ತ ಕಿಟಕಿಯ ಆಚೆಗೇ ನೋಡುತ್ತಿದ್ದಳು.

“ಅವತ್ತೇ ಗೊತ್ತಾಯ್ತು ಕಣವ್ವ. ಆಳೆ ಮೊಗಚೋ ಸದ್ದೇ ಬರ್ನಿಲ್ಲ.”

“ಮತ್ತೆ ಯಾವುದು ದಿಟ ಅಂತ ಯಾಕೆ ಕೇಳಿದ್ರಿ?”

“ಇನ್ನೊಂದ್ಸಲ ಅಂಗೇ ಯೋಳ್ತೀಯೋ ಇಲ್ವೋ ನೋಡವ ಅಂತ.”

ಎರಡು ವರ್ಷಕ್ಕೆ ನಾನು ಮದುವೆಯಾಗಿ ರಾವಂದೂರಿಗೆ ಹೋದೆ. ಅಕ್ಕ ಮುಂದೆ ಅಣ್ಣನ ಮನೆಗೇ ಹೋಗಿ ನೆಮ್ಮದಿಯಿಂದ ಇದ್ದಳೆಂದು ಕೇಳಿದೆ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ… ಹೋಗಲೇ ಇಲ್ಲ. ಅವಳು ತೀರಿಕೊಂಡ ಸುದ್ದಿ ಸಂತೆಯಲ್ಲಿ ಸಿಕ್ಕ ಶೆಡ್ಡಿನ ಗೆಳತಿಯೊಬ್ಬಳ ಬಾಯಲ್ಲಿ ಬಂತು, ಆಗಲೇ ಮೂರು ತಿಂಗಳಾಗಿತ್ತು. ಸೊಪ್ಪು ತರಕಾರಿಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಆ ಕಾದಂಬರಿ ಈಗ ಹೊಸದಾಗಿ ಅಚ್ಚಾಗಿ ಅಂಗಡಿಗಳಲ್ಲಿ ಸಿಗುತ್ತದೆ, ಎಲ್ಲ ಪುಟಗಳೂ ಇರುತ್ತವೆ. ಮೊಮ್ಮಗಳು ತಂದುಕೊಡಲೇ ಎಂದಳು. ಬೇಡವೆಂದೆ. ಬೇರೆ ಪುಸ್ತಕಗಳು ಬೇಕಾದಷ್ಟಿವೆ, ಕನ್ನಡಕ ಹಾಕಿಕೊಂಡು ದಿನವೂ ಓದುತ್ತೇನೆ. ಜೋರಾಗಿ ಓದು ಎನ್ನುವವರು ಈಗ ಯಾರೂ ಇಲ್ಲ. ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.